ಬಿಚ್ಚಿದ್ದನ್ನು ಮತ್ತೆ ಹೊಲಿದು ನೋಡಿದಾಗ

ಸಹೋದರಿಯರೇ, ಈ ತಿಂಗಳು ನಾನು ಬರೆಯಬೇಕೆಂದಿದ್ದ ವಿಷಯವೇ ಬೇರೆ. ಆದರೆ ಶಾಲೆಗೆ ರಜೆ ಸಿಕ್ಕಿತೆಂದು ನಾಲ್ಕು ದಿನ ಆಪಾಳ ಮನೆಗೆ ಹೋಗಿದ್ದೆ. ಅಲ್ಲಿ ಒಂದು ರಾತ್ರಿ ದಸ್ತರ್‌ಖಾನಿನ ಮುಂದೆ ಎದ್ದ ಮಾತೊಂದು ತಲೆಯಲ್ಲಿ ಕುಳಿತುಬಿಟ್ಟಿತು.

ಆಪಾಳ ಕಿರಿಯ ಮಗಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಮುಂದೆ ಪಿಎಚ್.ಡಿ. ಮಾಡಬೇಕೆಂಬ ಹಂಬಲ. ಭಾವನವರು ಹೆಣ್ಣುಮಕ್ಕಳ ಓದಿಗೆ ಅಡ್ಡ ಬರುವವರಲ್ಲ. ಇಲ್ಲಿಯವರೆಗೆ ಅವಳನ್ನು ಓದಿಸಿದವರು ಅವರೇ. ಆದರೆ ಇನ್ನೂ ಐದು ವರ್ಷ ಎಂದಾಗ ಅವರಿಗೂ ಯೋಚನೆಯಾಗಿದೆ. ಒಂದೆರಡು ಕಡೆಯಿಂದ ಸಂಬಂಧದ ಮಾತೂ ಬಂದಿದೆ. ಅಂದು ಅವರು ಸಮಾಧಾನದಿಂದಲೇ ಕೇಳಿದರು:

"ಬೇಟಾ, ನೀನು ಅಲ್ಲಿ ಮಾಡುವ ಕೆಲಸ ಏನು, ನನಗೆ ತಿಳಿಯುವ ಹಾಗೆ ಹೇಳು."

"ಗಿಡಮರಗಳಲ್ಲಿ, ಸಮುದ್ರಜೀವಿಗಳಲ್ಲಿ ಸಿಗುವ ಜಟಿಲ ಅಣುಗಳನ್ನು ಲ್ಯಾಬಿನಲ್ಲಿ ತಯಾರಿಸುವುದು, ಅಬ್ಬಾ."

"ಗಿಡದಲ್ಲಿ ಇದೆಯಲ್ಲ?"

"ಇದೆ. ಆದರೆ ಅದರ ರಚನೆ ಪುಸ್ತಕದಲ್ಲಿ ಬರೆದಂತೆಯೇ ಇದೆಯೇ ಎಂದು ತಿಳಿಯಬೇಕಾದರೆ ಮಾಡಿಯೇ ನೋಡಬೇಕು."

ಭಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ರಚನೆ ಗೊತ್ತಿಲ್ಲದಿದ್ದರೆ ಮಾಡುವುದು ಹೇಗೆ? ಗೊತ್ತಿದ್ದರೆ ಮಾಡುವುದೇಕೆ?"

ಹುಡುಗಿ ಉತ್ತರಿಸಲು ಬಾಯಿ ತೆರೆದಳು. ಬಂದದ್ದೆಲ್ಲ ಇಂಗ್ಲಿಷ್ ಪದಗಳು. ಅವಳೇ ಸುಮ್ಮನಾದಳು. ಆಪಾ ಸಾರಿನ ಪಾತ್ರೆ ಮುಂದೆ ತಳ್ಳಿ ಮಾತು ಬದಲಿಸಿದಳು.

ನಿಜ ಹೇಳಬೇಕೆಂದರೆ ಭಾವನವರ ಪ್ರಶ್ನೆ ನನಗೆ ಬಹಳ ಹಿಡಿಸಿತು. ನಾನು ಮದ್ರಸಾದಲ್ಲಿ ಓದಿ ಆಮೇಲೆ ಬಿ.ಎ. ಮಾಡಿದವಳು. ವಿಜ್ಞಾನದ ಜೊತೆ ನನ್ನ ನಂಟು ಎಸ್ಸೆಸ್ಸೆಲ್ಸಿಗೇ ಮುಗಿದಿದೆ. ಆದರೂ ಇದಕ್ಕೆ ನ್ಯಾಯವಾದ ಉತ್ತರವೊಂದು ಇರಲೇಬೇಕು ಎನಿಸಿತು. ಮರುದಿನ ಮತ್ತು ಅದರ ಮರುದಿನ ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಕುಳಿತು ಅವಳನ್ನು ಕೇಳುತ್ತಾ ಹೋದೆ. ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆದಿದ್ದೇನೆ. ಬರೆದದ್ದನ್ನು ಅವಳಿಗೇ ಓದಿಸಿದೆ. ಎರಡು ಕಡೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, "ಖಾಲಾ, ಇದು ಹೀಗಲ್ಲ" ಎಂದು ತಿದ್ದಿಕೊಟ್ಟಿದ್ದಾಳೆ. ಮಕ್ಕಳ ಉತ್ತರ ಪತ್ರಿಕೆಗೆ ಕೆಂಪು ಗೆರೆ ಎಳೆಯುವ ನನಗೆ ಅದೊಂದು ಹೊಸ ಅನುಭವ.

ಮೊದಲಿಗೆ, ರಚನೆ ಎಂದರೇನು? ಕರ್ಪೂರವನ್ನೇ ತೆಗೆದುಕೊಳ್ಳಿ. ಅದರ ಒಂದೊಂದು ಅಣುವಿನಲ್ಲಿ 10 ಇಂಗಾಲ, 16 ಜಲಜನಕ, 1 ಆಮ್ಲಜನಕದ ಪರಮಾಣುಗಳಿವೆ. ಇದು ಎಣಿಕೆ ಮಾತ್ರ. ಯಾವ ಪರಮಾಣು ಯಾವುದರ ಕೈ ಹಿಡಿದಿದೆ, ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂಬುದು ರಚನೆ. ಎಣಿಕೆ ಒಂದೇ ಆದರೂ ಜೋಡಣೆ ಬೇರೆಯಾದರೆ ವಸ್ತುವೇ ಬೇರೆಯಾಗುತ್ತದೆ. ಹದಿನೈದು ತುಂಡು ಬಟ್ಟೆ ಇದೆ ಎಂದ ಮಾತ್ರಕ್ಕೆ ಅದು ಕಮೀಜೋ ಮಗುವಿನ ಲಂಗವೋ ಎಂದು ಹೇಳಲಾದೀತೇ?

ಎಣಿಕೆಯನ್ನೇ ನಂಬಿ ಹೊರಟವರ ಕಥೆಯೊಂದಿದೆ. 1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ 18 ವರ್ಷದ ಹುಡುಗ ರಜೆಯಲ್ಲಿ ತನ್ನ ಮನೆಯಲ್ಲೇ ಮಲೇರಿಯಾದ ಮದ್ದಾದ ಕ್ವಿನೈನ್ ತಯಾರಿಸಲು ಕುಳಿತ. ಕ್ವಿನೈನಿನಲ್ಲಿ ಎಷ್ಟು ಪರಮಾಣುಗಳಿವೆ ಎಂಬುದು ಆಗ ತಿಳಿದಿತ್ತು, ಅವು ಹೇಗೆ ಜೋಡಣೆಯಾಗಿವೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಕಲ್ಲಿದ್ದಲ ಟಾರಿನಿಂದ ಬರುವ ಒಂದು ವಸ್ತುವಿನ ಎರಡು ಅಣುಗಳನ್ನು ಸೇರಿಸಿ, ಸ್ವಲ್ಪ ಆಮ್ಲಜನಕ ಕೊಟ್ಟು, ನೀರನ್ನು ಕಳೆದರೆ ಲೆಕ್ಕ ಸರಿಹೋಗುತ್ತದೆ ಎಂದು ಅವನು ಕೂಡಿ ಕಳೆದು ನೋಡಿದ್ದ. ಲೆಕ್ಕ ಸರಿಯಾಗಿಯೇ ಇತ್ತು. ಪಾತ್ರೆಯಲ್ಲಿ ಬಂದದ್ದು ಮಾತ್ರ ಕೆಂಗಂದು ಬಣ್ಣದ ರಾಡಿ. ಅವನ ಅದೃಷ್ಟ ಚೆನ್ನಾಗಿತ್ತು. ಅದೇ ದಾರಿಯಲ್ಲಿ ಇನ್ನೊಂದು ವಸ್ತುವನ್ನು ಪ್ರಯೋಗಿಸಿದಾಗ ನೇರಳೆ ಬಣ್ಣ ಸಿಕ್ಕಿತು, ರೇಷ್ಮೆಗೆ ಹತ್ತಿತು, ಅವನು ಶ್ರೀಮಂತನಾದ. ಕ್ವಿನೈನಿನ ಪರಮಾಣುಗಳು ಹೇಗೆ ಜೋಡಣೆಯಾಗಿವೆ ಎಂಬ ಚಿತ್ರ ಜರ್ಮನಿಯ ಪಾಲ್ ರಾಬೆಯವರಿಂದ ಬಂದದ್ದು 1908ರಲ್ಲಿ, ಅಂದರೆ 52 ವರ್ಷ ಕಳೆದ ಮೇಲೆ.

ಕಣ್ಣಿಗೆ ಕಾಣದ ವಸ್ತುವಿನ ಜೋಡಣೆಯನ್ನು ಆ ಕಾಲದವರು ಕಂಡುಕೊಳ್ಳುತ್ತಿದ್ದುದು ಹೇಗೆ? ಇಲ್ಲಿ ನನಗೆ ನೆರವಾದದ್ದು ಹೊಲಿಗೆ ಯಂತ್ರ. ನಮಗೆ ಮೆಚ್ಚಿಗೆಯಾದ ಒಂದು ಹಳೆಯ ಕುರ್ತಾ ಇದೆ ಎಂದುಕೊಳ್ಳಿ. ಅದರ ಕಟಿಂಗ್ ಹೇಗಿದೆ ಎಂದು ತಿಳಿಯಬೇಕು. ಆಗ ನಾವು ಹೊಲಿಗೆ ಬಿಚ್ಚುತ್ತೇವೆ. ತೋಳು ಬೇರೆ, ಕಂಕುಳ ತುಂಡು ಬೇರೆ, ಕೊರಳ ಪಟ್ಟಿ ಬೇರೆ. ಒಂದೊಂದನ್ನೂ ನೆಲದ ಮೇಲೆ ಹರಡಿ, ಯಾವುದು ಯಾವುದಕ್ಕೆ ಕೂಡಿತ್ತು ಎಂದು ಅಂದಾಜು ಮಾಡುತ್ತೇವೆ. ರಸಾಯನಶಾಸ್ತ್ರಜ್ಞರೂ ಹಾಗೆಯೇ ಮಾಡುತ್ತಿದ್ದರು. ದೊಡ್ಡ ಅಣುವನ್ನು ಆಮ್ಲದಿಂದಲೋ ಬಿಸಿಯಿಂದಲೋ ಒಡೆದು, ಸಿಕ್ಕ ಚಿಕ್ಕ ತುಂಡುಗಳು ಯಾವುವು ಎಂದು ಗುರುತಿಸಿ, ಒಟ್ಟು ಚಿತ್ರವನ್ನು ಊಹಿಸುತ್ತಿದ್ದರು.

ಊಹಿಸುತ್ತಿದ್ದರು ಎಂಬ ಪದಕ್ಕೆ ಹುಡುಗಿ ಒತ್ತು ಕೊಟ್ಟಳು. ಭಾವನವರ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ರಚನೆ ಗೊತ್ತಿದೆ ಎಂದೂ ಅಲ್ಲ, ಗೊತ್ತಿಲ್ಲ ಎಂದೂ ಅಲ್ಲ. ಬಲವಾದ ಅಂದಾಜು ಇದೆ. ಆ ಅಂದಾಜಿನ ಪ್ರಕಾರ ಹೊಸ ಬಟ್ಟೆಯನ್ನು ಕತ್ತರಿಸಿ, ಹೊಲಿದು, ಹಳೆಯ ಕುರ್ತಾದ ಪಕ್ಕದಲ್ಲಿಟ್ಟು ನೋಡುವುದೇ ಸಂಶ್ಲೇಷಣೆ. ಸಂಶಯಕ್ಕೆ ಎಡೆಯಿಲ್ಲದ ಸರಳ ವಸ್ತುಗಳಿಂದ ಶುರುಮಾಡಬೇಕು. ಒಂದೊಂದು ಹೆಜ್ಜೆಯಲ್ಲೂ ಯಾವ ಹೊಲಿಗೆ ಎಲ್ಲಿ ಬೀಳುತ್ತದೆ ಎಂದು ತಿಳಿದೇ ಮುಂದುವರಿಯಬೇಕು. ಹಾಗೆ ಮಾಡಿದರೆ ಕೊನೆಗೆ ಕೈಯಲ್ಲಿರುವ ವಸ್ತುವಿನ ಜೋಡಣೆ ಮಾಡಿದವರಿಗೆ ತಿಳಿದಿರುತ್ತದೆ, ಏಕೆಂದರೆ ಅವರೇ ಜೋಡಿಸಿದ್ದು. ಈಗ ಅದನ್ನೂ ಗಿಡದಿಂದ ಬಂದದ್ದನ್ನೂ ಹೋಲಿಸಬೇಕು. ಎಲ್ಲ ವಿಧದಲ್ಲೂ ಒಂದೇ ಆಗಿದ್ದರೆ ಅಂದಾಜು ಸರಿ. ಇಲ್ಲದಿದ್ದರೆ ಪುಸ್ತಕದ ಚಿತ್ರ ತಪ್ಪು.

ಹೋಲಿಸುವುದು ಹೇಗೆ ಎಂದು ಕೇಳಿದೆ. ಅವಳು ಹೇಳಿದ ಹಳೆಯ ಪರೀಕ್ಷೆಯೊಂದು ನನಗೆ ಬಹಳ ಇಷ್ಟವಾಯಿತು. ಎರಡು ಪುಡಿಗಳು ಒಂದೇ ಶಾಖದಲ್ಲಿ ಕರಗುತ್ತವೆ ಎಂದಿಟ್ಟುಕೊಳ್ಳಿ. ಅಷ್ಟರಿಂದ ಅವು ಒಂದೇ ವಸ್ತು ಎನ್ನಲಾಗದು. ಹಾಗಾಗಿ ಎರಡನ್ನೂ ಬೆರೆಸಿ ಕರಗಿಸುತ್ತಾರೆ. ಎರಡೂ ಒಂದೇ ಆಗಿದ್ದರೆ ಮಿಶ್ರಣವೂ ಅದೇ ಶಾಖದಲ್ಲಿ ಕರಗುತ್ತದೆ. ಬೇರೆ ಬೇರೆಯಾಗಿದ್ದರೆ ಒಂದು ಇನ್ನೊಂದಕ್ಕೆ ಕಲಬೆರಕೆಯಾಗಿ, ಮಿಶ್ರಣ ಮೊದಲೇ ಕರಗಿಬಿಡುತ್ತದೆ! ಈಗಿನವರ ಬಳಿ ಎನ್‌ಎಂಆರ್ ಎಂಬ ಯಂತ್ರವಿದೆ. ವಸ್ತುವನ್ನು ಬಲವಾದ ಅಯಸ್ಕಾಂತದ ನಡುವೆ ಇಟ್ಟು ರೇಡಿಯೋ ಅಲೆಗಳನ್ನು ಹಾಯಿಸಿದರೆ, ಒಂದೊಂದು ಜಲಜನಕವೂ ಒಂದೊಂದು ಇಂಗಾಲವೂ ತನ್ನ ನೆರೆಹೊರೆಗೆ ತಕ್ಕಂತೆ ಬೇರೆ ಬೇರೆ ಜಾಗದಲ್ಲಿ ಗೆರೆ ಮೂಡಿಸುತ್ತದೆ. ಎರಡು ವಸ್ತುಗಳ ಗೆರೆಗಳನ್ನು ಬೆರಳಚ್ಚಿನ ಹಾಗೆ ಹೊಂದಿಸಿ ನೋಡಬಹುದು.

ಕರ್ಪೂರದ ವಿಷಯದಲ್ಲಿ ಇದು ಸುಸೂತ್ರವಾಗಿ ನಡೆಯಿತು. ಅದರ ಅಣು ಹೀಗಿರಬಹುದು, ಹಾಗಿರಬಹುದು ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಹತ್ತಾರು ಚಿತ್ರಗಳು ಬಂದಿದ್ದವು. 1893ರಲ್ಲಿ ಜರ್ಮನಿಯ ಯೂಲಿಯಸ್ ಬ್ರೆಟ್ ಒಂದು ಚಿತ್ರ ಕೊಟ್ಟರು. ಸರಿಯೋ ತಪ್ಪೋ ಎಂಬ ವಾದ ನಿಲ್ಲಲಿಲ್ಲ. ಕರ್ಪೂರವನ್ನು ಒಡೆದಾಗ ಸಿಗುವ ತುಂಡು ಕರ್ಪೂರಾಮ್ಲ. ಆ ಆಮ್ಲದಿಂದ ಮತ್ತೆ ಕರ್ಪೂರಕ್ಕೆ ಬರುವ ದಾರಿಯನ್ನು ಫ್ರಾನ್ಸಿನ ಹಾಲರ್ ಮೊದಲೇ ತೋರಿಸಿದ್ದರು. 1903ರಲ್ಲಿ ಫಿನ್ಲೆಂಡಿನ ಗುಸ್ತಾಫ್ ಕೊಂಪ್ಪಾ ಆ ಆಮ್ಲವನ್ನೇ ಸರಳ ವಸ್ತುಗಳಿಂದ ಹೆಜ್ಜೆ ಹೆಜ್ಜೆಯಾಗಿ ತಯಾರಿಸಿದರು. ಬ್ರೆಟ್‌ರ ಚಿತ್ರ ಸರಿ ಎಂದು ತೀರ್ಮಾನವಾಯಿತು. ವಾದವೂ ಮುಗಿಯಿತು.

"ಇಷ್ಟೇ ಆಗಿದ್ದರೆ ನಿನ್ನ ಅಬ್ಬಾ ಹೇಳಿದ್ದು ಸರಿಯೇ. ನೂರು ವರ್ಷದ ಹಿಂದೆಯೇ ಆಗಿಹೋದ ಕೆಲಸ" ಎಂದೆ.

"ತಾಳಿ ಖಾಲಾ" ಎಂದು ಒಳಗೆ ಹೋದವಳು ನಮ್ಮ ಅಮ್ಮಿಯ ಹಳೆಯ ಟ್ರಂಕಿನಿಂದ ಚಿಕ್ಕ ಅತ್ತರ್ ಶೀಶೆಯೊಂದನ್ನು ತಂದಳು. ತಳದಲ್ಲಿ ಒಂದೆರಡು ಹನಿ ಉಳಿದಿತ್ತು. ಮುಚ್ಚಳ ತೆಗೆದರೆ ಮಳೆ ಬಿದ್ದ ಮಣ್ಣು, ಒಣಗಿದ ಎಲೆ, ಹಳೆಯ ಮರದ ಪೆಟ್ಟಿಗೆ ಎಲ್ಲ ಸೇರಿದಂಥ ವಾಸನೆ. ಅದು ಪಚೌಲಿ.

ಪಚೌಲಿ ತುಳಸಿಯ ಬಳಗದ ಒಂದು ಚಿಕ್ಕ ಗಿಡ. ಹೆಸರಿನ ಮೂಲ ತಮಿಳು, ಹಸಿರು ಎಲೆ ಎಂದರ್ಥ ಎನ್ನುತ್ತಾರೆ. ಇಂದು ಇದರ ಎಣ್ಣೆ ಅತಿ ಹೆಚ್ಚು ಬರುವುದು ಇಂಡೋನೇಷ್ಯಾದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಶ್ಮೀರಿ ಶಾಲುಗಳನ್ನು ಹಡಗಿನಲ್ಲಿ ಯುರೋಪಿಗೆ ಕಳಿಸುವಾಗ ಹುಳು ಹಿಡಿಯದಿರಲೆಂದು ಅವುಗಳ ಮಡಿಕೆಯಲ್ಲಿ ಪಚೌಲಿಯ ಒಣ ಎಲೆಗಳನ್ನು ಇಡುತ್ತಿದ್ದರು. ಅಲ್ಲಿಯ ಹೆಂಗಸರು ಶಾಲನ್ನು ಮೂಸಿ ನೋಡಿ, ಈ ವಾಸನೆ ಇದ್ದರೆ ಅಸಲಿ ಹಿಂದೂಸ್ತಾನದ ಮಾಲು ಎಂದು ಒಪ್ಪುತ್ತಿದ್ದರಂತೆ. ಅದನ್ನು ತಿಳಿದ ನಕಲಿ ಶಾಲಿನವರು ತಮ್ಮ ಮಾಲಿಗೂ ಪಚೌಲಿಯ ವಾಸನೆ ಹಿಡಿಸಿದರು. ಒಂದೇ ಗುರುತನ್ನು ನಂಬಿದವರಿಗೆ ಹೀಗೂ ಆಗುತ್ತದೆ.

ಈ ಎಣ್ಣೆಯ ಮುಖ್ಯ ಭಾಗ ಪಚೌಲಿ ಆಲ್ಕೊಹಾಲ್ ಎಂಬ ವಸ್ತು. (ಹೆಸರು ಕೇಳಿ ಗಾಬರಿಯಾಗಬೇಡಿ. ರಸಾಯನಶಾಸ್ತ್ರದಲ್ಲಿ ಆಲ್ಕೊಹಾಲ್ ಎಂಬುದು ಒಂದು ದೊಡ್ಡ ಬಳಗದ ಹೆಸರು. ಇದು ಹರಳಾಗಿ ಗಟ್ಟಿಯಾಗುವ ಸುಗಂಧದ ವಸ್ತು.) ಅದರಲ್ಲಿ 15 ಇಂಗಾಲ, 26 ಜಲಜನಕ, 1 ಆಮ್ಲಜನಕ. ಇಂಗಾಲಗಳು ಒಂದರೊಳಗೊಂದು ಬೆಸೆದ ಬಳೆಗಳ ಹಾಗೆ ಕೂಡಿಕೊಂಡಿವೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಜಾರ್ಜ್ ಬ್ಯೂಕಿ ಎಂಬ ಹೆಸರಾಂತ ರಸಾಯನಶಾಸ್ತ್ರಜ್ಞರು ಇದರ ರಚನೆಯ ಬೆನ್ನು ಹತ್ತಿದರು. ಮೊದಲು ಹೊಲಿಗೆ ಬಿಚ್ಚಿದರು. ಪಚೌಲಿ ಆಲ್ಕೊಹಾಲಿನಿಂದ ಒಂದು ನೀರಿನ ಅಣುವನ್ನು ಕಳಚಿದಾಗ ಪಚೌಲೀನ್ ಎಂಬ ವಸ್ತು ಸಿಗುತ್ತದೆ. ಅದರ ರಚನೆಯನ್ನು ಅವರು ಸರಿಯಾಗಿಯೇ ಕಂಡುಹಿಡಿದರು. ಇದರ ಮೇಲೆ ನೀರನ್ನು ಮತ್ತೆ ಅದೇ ಜಾಗಕ್ಕೆ ಸೇರಿಸಿದರೆ ಮೂಲ ವಸ್ತುವಿನ ಚಿತ್ರ ಸಿಗುತ್ತದೆ ಎಂದು ಲೆಕ್ಕ ಹಾಕಿ, 1961ರಲ್ಲಿ ಚಿತ್ರವನ್ನು ಪ್ರಕಟಿಸಿದರು.

ಅಲ್ಲಿಗೇ ನಿಲ್ಲಿಸದೆ ಮುಂದೆ ಹೊಲಿದೂ ನೋಡಿದರು. ಮೇಲೆ ಹೇಳಿದ ಕರ್ಪೂರವೇ ಅವರ ಆರಂಭದ ಬಟ್ಟೆ, ಏಕೆಂದರೆ ಅದರ ರಚನೆಯ ಬಗ್ಗೆ ಆಗ ಯಾರಿಗೂ ಸಂಶಯವಿರಲಿಲ್ಲ. ಕರ್ಪೂರದಿಂದ ಹೊರಟು ಹೆಜ್ಜೆ ಹೆಜ್ಜೆಯಾಗಿ ಪಚೌಲೀನ್ ಮಾಡಿದರು. ಅದಕ್ಕೆ ಆಮ್ಲಜನಕ ಸೇರಿಸಿ ಕೊನೆಯ ಹೆಜ್ಜೆಗಳನ್ನು ಮುಗಿಸಿದರು. ಬಂದ ವಸ್ತುವನ್ನು ಗಿಡದ ಪಚೌಲಿ ಆಲ್ಕೊಹಾಲಿನ ಪಕ್ಕದಲ್ಲಿಟ್ಟರು. ಎಲ್ಲ ಪರೀಕ್ಷೆಯಲ್ಲೂ ಎರಡೂ ಒಂದೇ! 1962ರಲ್ಲಿ ಅದನ್ನೂ ಪ್ರಕಟಿಸಿದರು. ಬಿಚ್ಚಿದ್ದೂ ಆಯಿತು, ಹೊಲಿದದ್ದೂ ಆಯಿತು, ಹೊಂದಿಕೊಂಡದ್ದೂ ಆಯಿತು. ಇನ್ನೇನು ಬೇಕು?

ಮರುವರ್ಷ, 1963ರಲ್ಲಿ, ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಜ್ಯಾಕ್ ಡ್ಯುನಿಟ್ಸ್ ಮತ್ತು ಸಂಗಡಿಗರು ಪಚೌಲಿ ಆಲ್ಕೊಹಾಲನ್ನು ಕ್ರೋಮಿಯಂ ಇರುವ ಒಂದು ಆಮ್ಲದ ಜೊತೆ ಕೂಡಿಸಿ ಹರಳು ಮಾಡಿ, ಆ ಹರಳಿನೊಳಗೆ ಎಕ್ಸ್‌ರೇ ಹಾಯಿಸಿದರು. ನಮ್ಮ ಮೂಳೆಯನ್ನು ನೋಡುವ ಎಕ್ಸ್‌ರೇಗೂ ಇದಕ್ಕೂ ವ್ಯತ್ಯಾಸವಿದೆ. ಹರಳಿನಲ್ಲಿ ಅಣುಗಳು ಸಾಲಾಗಿ ನಿಂತಿರುವುದರಿಂದ ಎಕ್ಸ್‌ರೇ ಕಿರಣಗಳು ಚದುರಿ ಬೀಳುವ ಚುಕ್ಕೆಗಳನ್ನು ಅಳೆದು, ಪರಮಾಣುಗಳು ಎಲ್ಲೆಲ್ಲಿವೆ ಎಂದು ಲೆಕ್ಕ ಹಾಕಬಹುದು. ಲೆಕ್ಕ ಹಾಕಿದಾಗ ಬಂದ ಚಿತ್ರ ಬ್ಯೂಕಿಯವರ ಚಿತ್ರವಲ್ಲ. ಇಂಗಾಲದ ಬಳೆಗಳು ಕೂಡಿಕೊಂಡಿದ್ದ ರೀತಿಯೇ ಬೇರೆಯಾಗಿತ್ತು.

ನಾನು ಹುಡುಗಿಯನ್ನು ತಡೆದೆ. "ಅದು ಹೇಗೆ? ಅವರು ಮಾಡಿದ್ದು ಗಿಡದ್ದಕ್ಕೆ ಹೊಂದಿತ್ತು ಎಂದೆಯಲ್ಲ?"

"ಹೊಂದಿತ್ತು ಖಾಲಾ. ಅವರು ಮಾಡಿದ್ದು ಅಸಲಿ ಪಚೌಲಿ ಆಲ್ಕೊಹಾಲೇ. ತಾವು ಏನು ಮಾಡಿದೆವು ಎಂಬುದಷ್ಟೇ ಅವರಿಗೆ ತಿಳಿದಿರಲಿಲ್ಲ."

ಆದದ್ದು ಇಷ್ಟು. ಮೊದಲು ನೀರನ್ನು ಕಳಚಿದರಲ್ಲ, ಆ ಹೊತ್ತಿನಲ್ಲಿ ಅಣುವಿನ ಒಳಗೆ ಇಂಗಾಲದ ಒಂದು ಕೊಂಡಿ ಸದ್ದಿಲ್ಲದೆ ತನ್ನ ಜಾಗ ಬಿಟ್ಟು ಪಕ್ಕಕ್ಕೆ ಸರಿಯಿತು. ಕಟ್ಟಡವೇ ಬದಲಾಯಿತು. ಅದು ಅವರಿಗೆ ತಿಳಿಯಲಿಲ್ಲ. ಮುಂದೆ ಹೊಲಿಯುವಾಗ, ಪಚೌಲೀನ್‌ಗೆ ಆಮ್ಲಜನಕ ಸೇರಿಸುವ ಹೊತ್ತಿನಲ್ಲಿ, ಅದೇ ಕೊಂಡಿ ಬಂದ ದಾರಿಯಲ್ಲೇ ಹಿಂದಕ್ಕೆ ಸರಿದು ಮೊದಲಿನ ಜಾಗದಲ್ಲಿ ಕುಳಿತಿತು. ಅದೂ ತಿಳಿಯಲಿಲ್ಲ. ಎರಡು ತಪ್ಪುಗಳು ಒಂದನ್ನೊಂದು ಅಳಿಸಿಹಾಕಿ, ತಪ್ಪು ಚಿತ್ರಕ್ಕೆ ಸರಿಯಾದ ವಸ್ತು ಸಾಕ್ಷಿ ನುಡಿಯಿತು. ನಾನು ಹೊಲಿಗೆ ಬಿಚ್ಚುವಾಗ ಎಡದ ತೋಳಿನ ತುಂಡನ್ನು ಬಲದ ರಾಶಿಗೆ ಹಾಕಿ, ಹೊಲಿಯುವಾಗ ಮರೆತು ಮತ್ತೆ ಅದಲುಬದಲು ಮಾಡಿದರೆ ಕುರ್ತಾ ಸರಿಯಾಗಿಯೇ ಬರುತ್ತದೆ. ಆದರೆ ನಾನು ಕಾಗದದ ಮೇಲೆ ಬರೆದಿಟ್ಟ ಕಟಿಂಗ್ ತಪ್ಪಾಗಿರುತ್ತದೆ. ಅದನ್ನು ನೋಡಿ ಹೊಲಿಯುವ ಪಕ್ಕದ ಮನೆಯವಳ ಬಟ್ಟೆ ಹಾಳು.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯಾದ ಸಂಗತಿಯನ್ನು ಅವಳು ಎಲ್ಲೋ ಕೊನೆಯಲ್ಲಿ, ದೊಡ್ಡ ವಿಷಯವೇ ಅಲ್ಲವೆಂಬಂತೆ ಹೇಳಿದಳು. 1963ರಲ್ಲಿ ಜೂರಿಕ್‌ನಿಂದ ಬಂದ, ಹಿಂದಿನ ಚಿತ್ರ ತಪ್ಪು ಎಂದು ಸಾರಿದ ಲೇಖನದ ಲೇಖಕರ ಸಾಲಿನಲ್ಲಿ ಬ್ಯೂಕಿಯವರ ಹೆಸರೂ ಇದೆ. ತಮ್ಮ ತಪ್ಪನ್ನು ತಿದ್ದುವ ಕಾಗದಕ್ಕೆ ಅವರೂ ರುಜು ಹಾಕಿದ್ದಾರೆ. 1964ರಲ್ಲಿ ತಮ್ಮ ಸಂಶ್ಲೇಷಣೆಯ ಪೂರ್ಣ ವಿವರವನ್ನು ಸರಿಯಾದ ರಚನೆಯೊಂದಿಗೆ ಮತ್ತೆ ಪ್ರಕಟಿಸಿದರು. ಸಾರಿಗೆ ಉಪ್ಪು ಎರಡು ಸಲ ಹಾಕಿದ್ದನ್ನು ಒಪ್ಪಿಕೊಳ್ಳಲು ಒಂದು ದಿನ ತೆಗೆದುಕೊಳ್ಳುವ ನಮ್ಮಂಥವರು ಇದನ್ನು ಸ್ವಲ್ಪ ನಿಂತು ನೋಡಬೇಕು.

ಹಾಗಾದರೆ ಎಕ್ಸ್‌ರೇ ಇರುವಾಗ ಈ ಹೊಲಿಗೆಯ ಕೆಲಸವೇ ಬೇಡವಲ್ಲ? ನನ್ನ ಈ ಪ್ರಶ್ನೆಗೆ ಉತ್ತರವಾಗಿ ಅವಳು ಹೇಳಿದ ಎರಡನೆಯ ಕಥೆ ಮೊದಲನೆಯದನ್ನು ತಿರುಗಿಸಿ ಹಾಕಿದಂತಿದೆ. ಇಲ್ಲಿ ತಪ್ಪಿದ್ದು ಎಕ್ಸ್‌ರೇಯನ್ನು ಓದಿದವರು. ಹಿಡಿದದ್ದು ಹೊಲಿಗೆ.

ಫಿಲಿಪ್ಪೀನ್ಸ್ ದೇಶದಲ್ಲಿ ಸಿಕಿಹೋರ್ ಎಂಬ ದ್ವೀಪವಿದೆ. ಅದರ ಕಡಲತೀರದ ನೀರೊಳಗಿನ ಗುಹೆಗಳ ಚಾವಣಿಗೆ ಅಂಟಿಕೊಂಡು ಬದುಕುವ, ಮೆತ್ತಗಿನ ಚೀಲದಂಥ ಚಿಕ್ಕ ಜೀವಿಗಳನ್ನು ಸಂಶೋಧಕರು ಸಂಗ್ರಹಿಸಿದ್ದರು. ಅವುಗಳಿಂದ ಡಯಾಜೋನಮೈಡ್ ಎಂಬ ವಸ್ತು ಸಿಕ್ಕಿತು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕರುಳಿನ ಕ್ಯಾನ್ಸರ್ ಕೋಶಗಳನ್ನು ಅದು ಅತ್ಯಲ್ಪ ಪ್ರಮಾಣದಲ್ಲೇ ಕೊಲ್ಲುತ್ತಿತ್ತು. 1991ರಲ್ಲಿ ಅಮೆರಿಕದ ವಿಲಿಯಂ ಫೆನಿಕಲ್, ಜಾನ್ ಕ್ಲಾರ್ಡಿ ಮೊದಲಾದವರು ಅದರ ರಚನೆಯನ್ನು ಪ್ರಕಟಿಸಿದರು. ಡಯಾಜೋನಮೈಡ್ 'ಎ' ಹರಳಾಗಲು ಒಪ್ಪಲಿಲ್ಲ. ಆದ್ದರಿಂದ ಅದರ ಜೊತೆಯಲ್ಲೇ ಸಿಕ್ಕಿದ್ದ ತಂಗಿಯಂಥ ವಸ್ತು 'ಬಿ'ಗೆ ಒಂದು ತುಂಡು ಸೇರಿಸಿ, ಹರಳು ಮಾಡಿ, ಎಕ್ಸ್‌ರೇ ತೆಗೆದಿದ್ದರು. ತಂಗಿಯನ್ನು ನೋಡಿ ಅಕ್ಕನ ಮುಖವನ್ನು ಬರೆದಂತೆ.

ಅಂಥ ವಿಚಿತ್ರ ಅಣುವನ್ನು ಯಾರೂ ಕಂಡಿರಲಿಲ್ಲ. ಕ್ಯಾನ್ಸರಿನ ಮಾತೂ ಇತ್ತು. ಮುಂದಿನ ಹತ್ತು ವರ್ಷ ಹಲವು ಪ್ರಯೋಗಾಲಯಗಳು ಆ ಚಿತ್ರವನ್ನು ಮುಂದಿಟ್ಟುಕೊಂಡು ಅದನ್ನು ಮಾಡಲು ಶ್ರಮಿಸಿದವು. 2001ರಲ್ಲಿ ಡಲ್ಲಾಸ್ ನಗರದ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿದ್ದ ಪ್ಯಾಟ್ರಿಕ್ ಹ್ಯಾರನ್ ಮತ್ತು ಅವರ ವಿದ್ಯಾರ್ಥಿಗಳು ಗುರಿ ಮುಟ್ಟಿದರು. ಪುಸ್ತಕದಲ್ಲಿ ಅಚ್ಚಾದ ಚಿತ್ರದಂತೆಯೇ ಅಣುವನ್ನು ಕಟ್ಟಿ ನಿಲ್ಲಿಸಿದರು. ಸಮುದ್ರದಿಂದ ಬಂದದ್ದರ ಪಕ್ಕದಲ್ಲಿಟ್ಟು ನೋಡಿದರೆ ಹೊಂದಲಿಲ್ಲ. ಎನ್‌ಎಂಆರ್ ಗೆರೆಗಳು ಬೇರೆ. ಸ್ವಭಾವ ಬೇರೆ. ಸಮುದ್ರದ್ದು ಗಟ್ಟಿಮುಟ್ಟು, ಇವರದ್ದು ಬೇಗ ಕೆಡುವಂಥದ್ದು.

ಹತ್ತು ವರ್ಷದಿಂದ ಜಗತ್ತಿನ ಜಾಣರೆಲ್ಲ ಬೆನ್ನಟ್ಟಿದ್ದ ಅಣು ಸಮುದ್ರದಲ್ಲಿ ಇರಲೇ ಇಲ್ಲ!

ಇಂಥ ಹೊತ್ತಿನಲ್ಲಿ ಮನುಷ್ಯ ಮೊದಲು ತನ್ನ ಕೈಯನ್ನೇ ಅನುಮಾನಿಸುತ್ತಾನೆ. ನಾವೆಲ್ಲೋ ಎಡವಿರಬೇಕು, ದೊಡ್ಡವರು ತಪ್ಪಿರಲಾರರು ಎನಿಸುತ್ತದೆ. ಅವರು ಹಾಗೆ ಸುಮ್ಮನಾಗಲಿಲ್ಲ. ತಮ್ಮ ಒಂದೊಂದು ಹೆಜ್ಜೆಯೂ ಖಚಿತವೆಂದು ನೋಡಿಕೊಂಡು, ಹಳೆಯ ದಾಖಲೆಯನ್ನು ಮತ್ತೆ ಓದಿದರು. ಅಲ್ಲಿ ಮೊದಲೇ ಒಂದು ಸುಳಿವು ಇತ್ತು. ತೂಕ ನೋಡುವ ಯಂತ್ರದಲ್ಲಿ ಸಮುದ್ರದ ವಸ್ತುವಿನ ತೂಕ ಚಿತ್ರದ ಲೆಕ್ಕಕ್ಕಿಂತ ಒಂದು ನೀರಿನ ಅಣುವಿನಷ್ಟು ಕಡಿಮೆ ಬಂದಿತ್ತು. ಯಂತ್ರದೊಳಗೆ ನೀರು ಕಳಚಿ ಹೋಗಿರಬೇಕು ಎಂದು ಆಗ ಸಮಾಧಾನ ಹೇಳಿಕೊಂಡಿದ್ದರು. ಅಂಥದ್ದು ಆಗುವುದುಂಟು, ಆದ್ದರಿಂದ ಅದು ಅವಿವೇಕದ ಮಾತೇನಲ್ಲ. ಆದರೆ ಈ ಸಲ ನೀರು ಎಲ್ಲಿಯೂ ಹೋಗಿರಲಿಲ್ಲ. ಕಂಡ ತೂಕವೇ ನಿಜವಾದ ತೂಕ.

ನಿಜವಾದ ತಪ್ಪು ಇದ್ದದ್ದು ಹೀಗೆ: ಒಂದು ಕಡೆ ಆಮ್ಲಜನಕ ಎಂದು ಓದಿದ್ದ ಜಾಗದಲ್ಲಿ ಇದ್ದದ್ದು ಸಾರಜನಕ, ಅದರ ಬೆನ್ನಿಗೆ ಒಂದು ಜಲಜನಕ. ಅಣುವಿನ ತುದಿಯಲ್ಲಿ ಸಾರಜನಕ ಎಂದುಕೊಂಡಿದ್ದ ಜಾಗದಲ್ಲಿ ಇದ್ದದ್ದು ಆಮ್ಲಜನಕ. ಎಕ್ಸ್‌ರೇ ನೋಡುವುದು ಎಲೆಕ್ಟ್ರಾನುಗಳನ್ನು. ಸಾರಜನಕಕ್ಕೆ 7, ಆಮ್ಲಜನಕಕ್ಕೆ 8. ಸಾರಜನಕದ ಜೊತೆ ಒಂದು ಜಲಜನಕ ನಿಂತರೆ ಅದೂ ಒಟ್ಟು 8. ಒಂಟಿ ಎಲೆಕ್ಟ್ರಾನಿನ ಜಲಜನಕ ಎಕ್ಸ್‌ರೇ ಕಣ್ಣಿಗೆ ಸರಿಯಾಗಿ ಬೀಳುವುದೂ ಇಲ್ಲ. ಮಂದ ಬೆಳಕಿನಲ್ಲಿ ಕಪ್ಪು ದಾರ ಯಾವುದು, ಕಡುನೀಲಿ ದಾರ ಯಾವುದು ಎಂದು ತಿಳಿಯದೆ ನಾವು ತಪ್ಪು ರೀಲು ಹಾಕಿಕೊಳ್ಳುವುದಿಲ್ಲವೇ? ಹಾಗೆ. ಹ್ಯಾರನ್ ತಂಡ ತಿದ್ದಿದ ಚಿತ್ರವನ್ನು ಕೊಟ್ಟಿತು. ಅದೂ ಅಂದಾಜೇ ಅಲ್ಲವೇ? ಆದ್ದರಿಂದ ಅದನ್ನೂ ಹೊಲಿದು ನೋಡಬೇಕಾಯಿತು. 2002ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಕೆ.ಸಿ. ನಿಕೊಲೌ ತಂಡದವರು ಹೊಸ ಚಿತ್ರದಂತೆ ಅಣುವನ್ನು ತಯಾರಿಸಿದರು. ಈ ಸಲ ಗೆರೆಗೆ ಗೆರೆ ಹೊಂದಿತು.

ಇದು ಎಲ್ಲೋ ಒಂದೆರಡು ಕಡೆ ನಡೆದದ್ದಲ್ಲ. ಅದೇ ನಿಕೊಲೌ ಮತ್ತು ಅವರ ಶಿಷ್ಯ ಸ್ಕಾಟ್ ಸ್ನೈಡರ್ 2005ರಲ್ಲಿ ಇಂಥ ಪ್ರಕರಣಗಳನ್ನು ಒಟ್ಟುಗೂಡಿಸಿದರು. 1990ರಿಂದ 2004ರ ಆರಂಭದವರೆಗಿನ ಅವಧಿಯಲ್ಲೇ 300ಕ್ಕೂ ಹೆಚ್ಚು ಸಲ ಪ್ರಕೃತಿಯ ಅಣುಗಳ ರಚನೆಯನ್ನು ತಿದ್ದಬೇಕಾಗಿ ಬಂದಿತ್ತು. ಅದೂ ಇಷ್ಟೆಲ್ಲ ಯಂತ್ರಗಳಿರುವ ಕಾಲದಲ್ಲಿ.

"ಚಿತ್ರ ತಪ್ಪಾದರೆ ಯಾರಿಗೇನು ನಷ್ಟ?" ಎಂದು ಭಾವ ಕೇಳಿಯೇ ಕೇಳುತ್ತಾರೆಂದು ನಾನು ಮೊದಲೇ ಎಚ್ಚರಿಸಿದೆ. ಅದಕ್ಕೆ ಅವಳು ಕೊಟ್ಟ ಉದಾಹರಣೆ ಪ್ರಕೃತಿಯ ಅಣುವಿನದ್ದಲ್ಲ, ಮನುಷ್ಯರೇ ಮಾಡಿದ ಮದ್ದಿನದ್ದು. ಪರೀಕ್ಷೆ ಮಾತ್ರ ಇದೇ. 2013ರಲ್ಲಿ ಅಮೆರಿಕದ ಸಂಶೋಧಕರು ಟಿಐಸಿ10 ಎಂಬ ವಸ್ತು ಕ್ಯಾನ್ಸರ್ ಕೋಶಗಳ ವಿರುದ್ಧ ಕೆಲಸ ಮಾಡುತ್ತದೆ ಎಂದು ಪ್ರಕಟಿಸಿದರು. 2014ರಲ್ಲಿ ಸ್ಕ್ರಿಪ್ಸ್ ಸಂಸ್ಥೆಯ ಕಿಮ್ ಜಾಂಡಾ ತಂಡ ಅಚ್ಚಾದ ಚಿತ್ರದಂತೆ ಅದನ್ನು ತಯಾರಿಸಿತು. ಅವರ ಪುಡಿ ಏನೂ ಕೆಲಸ ಮಾಡಲಿಲ್ಲ! ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಉಗ್ರಾಣದಿಂದ ತರಿಸಿದ ಮಾದರಿ ಮಾತ್ರ ಕೆಲಸ ಮಾಡಿತು. ಎರಡರ ಪರಮಾಣುಗಳ ಎಣಿಕೆ ಒಂದೇ, ತೂಕವೂ ಒಂದೇ. ಅಚ್ಚಾದ ಚಿತ್ರದಲ್ಲಿ ಮೂರು ಬಳೆಗಳು ನೇರ ಸಾಲಿನಲ್ಲಿದ್ದವು. ಅಸಲಿ ಮದ್ದಿನಲ್ಲಿ ಅವು ಬಾಗಿ ನಿಂತಿದ್ದವು. ಪೇಟೆಂಟಿನ ಕಾಗದದಲ್ಲಿದ್ದದ್ದೂ ನೇರ ಸಾಲಿನ ಚಿತ್ರವೇ. ಬಾಗಿದ ಆ ಅಸಲಿ ಅಣು ಡೋರ್ಡಾವಿಪ್ರೋನ್ ಎಂಬ ಹೆಸರಿನಲ್ಲಿ ಮೆದುಳಿನ ಒಂದು ಬಗೆಯ ಅಪರೂಪದ, ಕಠಿಣ ಗಡ್ಡೆಗೆ ಔಷಧವಾಗಿ 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಯಾವನೋ ಪ್ರಾಮಾಣಿಕ ತಯಾರಕ ಹಳೆಯ ಚಿತ್ರವನ್ನೇ ನಂಬಿ ತಯಾರಿಸಿದ್ದರೆ ಶೀಶೆಯಲ್ಲಿ ಏನಿರುತ್ತಿತ್ತು ಎಂದು ಯೋಚಿಸಿ.

ಮೂರನೆಯ ರಾತ್ರಿ ಊಟವಾದ ಮೇಲೆ ಹುಡುಗಿಯೇ ಮಾತು ತೆಗೆದಳು. ಈ ಸಲ ಇಂಗ್ಲಿಷ್ ಪದ ಕಡಿಮೆ. ಆಪಾಳ ಹಳೆಯ ಕುರ್ತಾವೊಂದನ್ನು ಮಡಿಲಲ್ಲಿಟ್ಟುಕೊಂಡೇ ಕುಳಿತಿದ್ದಳು. ಅಮ್ಮಿ ಕಿವಿ ಸ್ವಲ್ಪ ಮಂದವಾದರೂ ಪಚೌಲಿಯ ಕಥೆಯನ್ನು ಪೂರ್ತಿ ಕೇಳಿ, "ಅವರ ಚಿತ್ರ ತಪ್ಪಿದ್ದಾಗಲೂ ನನ್ನ ಅತ್ತರ್ ಹೀಗೇ ವಾಸನೆ ಬರುತ್ತಿತ್ತಲ್ಲ!" ಎಂದರು. ಎಲ್ಲರೂ ನಕ್ಕೆವು.

ಭಾವ ಮಾತ್ರ ನಗಲಿಲ್ಲ. ಅವರು ಡಲ್ಲಾಸಿನವರ ಕಥೆಯಲ್ಲೇ ಇದ್ದರು.

"ನೀನೂ ಐದು ವರ್ಷ ಕೂತು ಮಾಡಿ, ಕೊನೆಗೆ ಹೊಂದದಿದ್ದರೆ?"

"ಅವರದ್ದೂ ಹೊಂದಲಿಲ್ಲ ಅಬ್ಬಾ. ಹೊಂದಲಿಲ್ಲ ಎಂಬುದನ್ನೇ ಅವರು ಪ್ರಕಟಿಸಿದರು."

"ತಪ್ಪು ತಮ್ಮದಲ್ಲ ಎಂದು ಅವರಿಗೆ ಹೇಗೆ ಧೈರ್ಯ ಬಂತು?"

"ಪ್ರತಿ ಹೆಜ್ಜೆಯ ಲೆಕ್ಕ ಬರೆದಿಟ್ಟಿದ್ದರಲ್ಲ."

ಭಾವನವರದ್ದು ಕಿರಾಣಿ ಅಂಗಡಿ. ಲೆಕ್ಕದ ಪುಸ್ತಕ ಎಂದರೆ ಅವರಿಗೆ ಬೇರೆ ವಿವರಣೆ ಬೇಡ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪಿಎಚ್.ಡಿ. ಮಾಡುವವರಿಗೆ ತಿಂಗಳಿಗೆ ಎಷ್ಟು ಕೊಡುತ್ತಾರೆ, ಹಾಸ್ಟೆಲ್ ಕ್ಯಾಂಪಸ್ಸಿನ ಒಳಗಿದೆಯೇ, ಅರ್ಜಿ ಹಾಕಲು ಕೊನೆಯ ದಿನ ಯಾವುದು ಎಂದು ಕೇಳಿದರು. ಸರಿ ಎಂದು ಇನ್ನೂ ಹೇಳಿಲ್ಲ. ಅರ್ಜಿ ತುಂಬಿ ಮೇಜಿನ ಮೇಲಿಟ್ಟಿದ್ದಾಳೆ, ತಂದೆಯ ರುಜುವಿನ ಜಾಗ ಖಾಲಿ ಇದೆ ಎಂದು ನಿನ್ನೆ ಆಪಾ ಫೋನಿನಲ್ಲಿ ಹೇಳಿದಳು.